ನಿಂತ ಮರದ ಒಳಗಣ ಕೊಳೆ



ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗುವ ಹಾದಿಯಲ್ಲಾಗಲಿ, ಊರೊಳಗಿನ ಕಟ್ಟೆಯ ಬಳಿಯಲ್ಲಾಗಲಿ, ಹಳೆಯ ಬೇವನ್ನೋ ಹುಣಸೆಯನ್ನೋ ಕಡಿಯಬೇಕಾಗಿ ಬಂದಾಗ, ನಾವು ಮೊದಲು ತಲೆಯೆತ್ತಿ ಎಲೆಗಳನ್ನು ನೋಡಿ, ಅವು ಹಸುರಾಗಿದ್ದರೆ ಮರವು ಗಟ್ಟಿಯಾಗಿದೆಯೆಂದು ನಿರ್ಣಯಿಸಿಬಿಡುತ್ತೇವೆ. ಆದರೆ ನೀರು ಏರುವುದು ಹೊರಸುತ್ತಿನ ಎಳೆಯ ದಾರುವಿನಲ್ಲಿ. ನಡುವಣ ಚೇಗು ನಿರ್ಜೀವವಾದುದು. ಅದನ್ನು ಶಿಲೀಂಧ್ರವು ವರ್ಷಾನುಗಟ್ಟಲೆ ತಿನ್ನುತ್ತಿದ್ದರೂ ಚಿಗುರಿಗೆ ಸುದ್ದಿ ಮುಟ್ಟದು.

ಅಣಬೆಯು ಕೊಳೆತದ ಫಲವಲ್ಲ, ಅದರ ಕಾರಣವೆಂಬುದನ್ನು ಜರ್ಮನಿಯ ರಾಬರ್ಟ್ ಹಾರ್ಟಿಗನು 1870ರ ದಶಕದಲ್ಲಿ ಸಾಬೀತುಪಡಿಸಿದನು. ಮುರಿದ ಕೊಂಬೆಯ ಗಾಯದಲ್ಲಿ, ರಸ್ತೆಗಾಗಿಯೋ ಕೊಳವೆಗಾಗಿಯೋ ತೋಡಿದಾಗ ತುಂಡಾದ ಬೇರಿನಲ್ಲಿ, ಬೀಜಕಣಗಳು ಒಳಹೊಗುತ್ತವೆ. ಒಂದು ಬಗೆಯ ಶಿಲೀಂಧ್ರವು ಸೆಲ್ಯುಲೋಸನ್ನು ಭಕ್ಷಿಸಿ, ಚೌಕಚೌಕವಾಗಿ ಬಿರಿದು ಬೆರಳಿಗೆ ಪುಡಿಯಾಗುವ ಕಂದುಮರವನ್ನುಳಿಸಿದರೆ, ಇನ್ನೊಂದು ಬಗೆಯದು ಲಿಗ್ನಿನನ್ನೂ ಕರಗಿಸಿ, ಬೆಳ್ಳಗೆ ನಾರುನಾರಾದ ಮೆತ್ತನೆಯ ಮರವನ್ನುಳಿಸುತ್ತದೆ. ಹುಣಸೆ, ಹೊಂಗೆಗಳ ಬುಡದಲ್ಲಿ ಮಳೆಗಾಲದಲ್ಲಿ ಮೂಡುವ, ಅರಗು ಬಳಿದಂತೆ ಹೊಳೆಯುವ ಕೆಂಗಂದು ಗ್ಯಾನೊಡರ್ಮವೆಂಬ ಅಣಬೆಯು ಬೇರು ಕೊಳೆಯುತ್ತಿರುವುದರ ಸ್ಪಷ್ಟ ಸೂಚನೆ. ಬೇಸಗೆಯಲ್ಲಿ ಅದು ಕಾಣದಿದ್ದ ಮಾತ್ರಕ್ಕೆ ರೋಗವಿಲ್ಲವೆಂದು ತಿಳಿಯಲಾಗದು.

ಆದುದರಿಂದ ಬುಡದ ಮಣ್ಣನ್ನು ಸರಿಸಿ ಬೇರುಗಳನ್ನು ನೋಡಬೇಕು. ಕೊಡಲಿಯ ಹಿಂಬದಿಯಿಂದ ಬೊಡ್ಡೆಯನ್ನು ಸುತ್ತಲೂ ಬಡಿದು ಆಲಿಸಬೇಕು. ಟೊಳ್ಳು ಸದ್ದು ಪೊಟರೆಯನ್ನು ಶಂಕಿಸಲು ಸಾಕು, ನಿರ್ಧರಿಸಲು ಸಾಲದು. ಸಡಿಲಾದ ತೊಗಟೆಯೂ ಹಾಗೆಯೇ ಸದ್ದು ಮಾಡುತ್ತದೆ. ಗರಗಸವನ್ನು ಹಚ್ಚಿದ ಮೇಲೆ ಅದರ ಪುಡಿಯೇ ಸಾಕ್ಷಿ: ಬಣ್ಣವು ಒಮ್ಮೆಲೆ ಕಪ್ಪಾದರೆ, ಪುಡಿಯು ತೇವದಿಂದ ಮುದ್ದೆಗಟ್ಟಿದರೆ, ಅಲಗು ತಡೆಯಿಲ್ಲದೆ ಜಾರಿದರೆ, ಕೂಡಲೇ ನಿಲ್ಲಿಸಬೇಕು. ಮರವು ಬೀಳುವ ದಿಕ್ಕನ್ನು ನಿಯಂತ್ರಿಸುವುದು ಕೊಯ್ಯದೆ ಉಳಿಸಿದ ಮರದ ಪಟ್ಟಿ. ಅದೇ ಕೊಳೆತಿದ್ದರೆ ಮರವು ತನಗೆ ಬೇಕಾದತ್ತ ಉರುಳೀತು. ಅಂಥದನ್ನು ಯಾರೂ ಹತ್ತಕೂಡದು. ಕ್ರೇನಿನ ಆಧಾರದಿಂದ ಮೇಲಿನಿಂದ ತುಂಡುತುಂಡಾಗಿ ಇಳಿಸುವುದೇ ಕ್ಷೇಮ.

ಪೊಟರೆಯಿದ್ದ ಮರವೆಲ್ಲವೂ ವಧ್ಯವಲ್ಲ. ಸುತ್ತಣ ಗಟ್ಟಿಮರವು ಸಾಕಷ್ಟು ದಪ್ಪವಾಗಿದ್ದರೆ ಅದು ಬಹುಕಾಲ ನಿಲ್ಲಬಲ್ಲದು. ವಿನಾಯಿತಿ ಪಡೆದ ಜಾತಿಗಳನ್ನುಳಿದು ಮಿಕ್ಕ ಮರಗಳನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ವೃಕ್ಷಾಧಿಕಾರಿಯ ಅನುಮತಿಯೂ ಬೇಕು. ಆ ಅರ್ಜಿಯನ್ನು ಬರೆಯುವ ಮುನ್ನ, ದಯಮಾಡಿ, ಮರದ ತುದಿಯನ್ನಲ್ಲ, ಬುಡವನ್ನು ಪರೀಕ್ಷಿಸಿರಿ. ಕೆಲವು ಮರಗಳೂ, ಕಡಿಯುವವರ ಪ್ರಾಣವೂ ಅದರಿಂದ ಉಳಿಯುತ್ತವೆ.