ಅಟ್ಟದ ಮೇಲೆ ಯಾರಿದ್ದಾರೆ?

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಅಗ್ನಿಶಾಮಕ ಸೇವೆಯ ನಿವೃತ್ತ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನನ್ನನ್ನು ಕರೆಯಲು ಬಂದ ಮೇಷ್ಟ್ರು, "ನಿಮ್ಮ ಕೆಲಸದ ಬಗ್ಗೆ ಮಕ್ಕಳಿಗೆ ಹೇಳಿ, ಸ್ಫೂರ್ತಿ ಬರುವಂತೆ ಹೇಳಿ" ಅಂದರು. ಮೂವತ್ತು ವರ್ಷಕ್ಕೂ ಮಿಕ್ಕಿ ಅಗ್ನಿಶಾಮಕ ಸೇವೆಯಲ್ಲಿದ್ದೆ. ಹೆಸರಿನಲ್ಲಿ ಬೆಂಕಿ ಇದ್ದರೂ ನಾವು ಇಳಿದಿದ್ದು ನೀರಿಗೂ ಅಷ್ಟೇ. ಆದರೆ ಇವತ್ತು ನಾನು ಹೇಳುವುದು ನಾನು ಕಣ್ಣಾರೆ ಕಾಣದ ಒಂದು ಬಿರುಗಾಳಿಯ ಕಥೆ, ನಾನು ಕಾಲಿಡದ ಒಂದು ಊರಿನ ಕಥೆ. ಹೊಸದಾಗಿ ಸೇರಿದ ಹುಡುಗರಿಗೆ ತರಬೇತಿ ಕೊಡುವಾಗ ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ರಕ್ಷಣೆ ಎಂದರೆ ಏನು ಎಂಬುದು ನನಗೆ ಅರ್ಥವಾದದ್ದು ಇದರಿಂದಲೇ.

ಅಮೆರಿಕದ ದಕ್ಷಿಣಕ್ಕೆ ಲೂಸಿಯಾನ ಎಂಬ ರಾಜ್ಯವಿದೆ. ಅಲ್ಲಿ ಮಿಸಿಸಿಪ್ಪಿ ನದಿಯ ದಂಡೆಯ ಮೇಲೆ ನ್ಯೂ ಆರ್ಲಿಯನ್ಸ್ ನಗರ. ಒಂದು ಕಡೆ ನದಿ, ಇನ್ನೊಂದು ಕಡೆ ಪಾಂಚಟ್ರೇನ್ ಎಂಬ ದೊಡ್ಡ ಸರೋವರ, ನಡುವೆ ತಟ್ಟೆಯಂತೆ ತಗ್ಗಿದ ಊರು. ಊರಿನ ಅರ್ಧದಷ್ಟು ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಸುತ್ತ ಮಣ್ಣಿನ ಏರಿ, ಕಾಂಕ್ರೀಟ್ ಗೋಡೆ. ಒಳಗೆ ಬಿದ್ದ ಮಳೆನೀರನ್ನು ಹೊರಗೆ ಎತ್ತಿಹಾಕಲು ಪಂಪುಗಳು. ಕೆರೆಯ ನೀರು ಹೊರಗೆ ಹೋಗದಂತೆ ನಾವು ಏರಿ ಕಟ್ಟುತ್ತೇವೆ. ಅವರು ನೀರು ಊರೊಳಗೆ ಬಾರದಂತೆ ಏರಿ ಕಟ್ಟಿದ್ದರು.

ಮಕ್ಕಳೇ, ನಾವು ಚಂಡಮಾರುತ ಎನ್ನುವುದನ್ನೇ ಅಟ್ಲಾಂಟಿಕ್ ಕಡೆಯವರು ಹರಿಕೇನ್ ಎನ್ನುತ್ತಾರೆ. ಸಮುದ್ರದ ಮೇಲ್ಮೈ ನೀರು ಇಪ್ಪತ್ತಾರು ಇಪ್ಪತ್ತೇಳು ಡಿಗ್ರಿಗಿಂತ ಬಿಸಿಯಾದಾಗ ಆವಿ ಮೇಲೇರುತ್ತದೆ, ಅದರ ಶಾಖವೇ ಗಾಳಿಗೆ ಶಕ್ತಿ ಕೊಡುತ್ತದೆ. ಗಾಳಿಯ ವೇಗ ಗಂಟೆಗೆ 119 ಕಿಲೋಮೀಟರ್ ಮುಟ್ಟಿದರೆ ಅದಕ್ಕೆ ಹರಿಕೇನ್ ಎಂಬ ಹೆಸರು. ಆದರೆ ಜೀವ ತೆಗೆಯುವುದರಲ್ಲಿ ಗಾಳಿಗಿಂತ ನೀರೇ ಮುಂದು. ಗಾಳಿ ಸಮುದ್ರವನ್ನೇ ದಡದ ಕಡೆಗೆ ತಳ್ಳಿಕೊಂಡು ಬರುತ್ತದೆ.

2005ರ ಆಗಸ್ಟ್ 23ರಂದು ಬಹಾಮಾಸ್ ದ್ವೀಪಗಳ ಹತ್ತಿರ ಹುಟ್ಟಿದ ಸುಳಿಗಾಳಿಗೆ ಕತ್ರೀನಾ ಎಂದು ಹೆಸರಿಟ್ಟರು. ಅದು ಫ್ಲಾರಿಡಾ ದಾಟಿ ಮೆಕ್ಸಿಕೊ ಕೊಲ್ಲಿಗೆ ಬಂತು. ಅಲ್ಲಿನ ಬಿಸಿನೀರಿನ ಮೇಲೆ ಬಲಿತು, 28ರಂದು ಅದರ ಗಾಳಿ ಗಂಟೆಗೆ 280 ಕಿಲೋಮೀಟರ್ ಮುಟ್ಟಿತು. ಅದೇ ದಿನ ನ್ಯೂ ಆರ್ಲಿಯನ್ಸಿನ ಮೇಯರ್ ಎಲ್ಲರೂ ಊರು ಬಿಡಲೇಬೇಕೆಂದು ಆದೇಶ ಹೊರಡಿಸಿದರು. ಆ ಪ್ರದೇಶದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೊರಟರು. ಹೆದ್ದಾರಿಗಳ ಎರಡೂ ಬದಿಗಳಲ್ಲಿ ವಾಹನಗಳನ್ನು ಹೊರಮುಖವಾಗಿಯೇ ಬಿಟ್ಟರು. ಮುನ್ಸೂಚನೆಯಲ್ಲಿ ತಪ್ಪಿರಲಿಲ್ಲ. ಎಚ್ಚರಿಕೆಯೂ ತಲುಪಿತ್ತು.

ಮರುದಿನ, 29ರ ಸೋಮವಾರ ಬೆಳಿಗ್ಗೆ ಕತ್ರೀನಾ ದಡ ಮುಟ್ಟಿತು. ಪಕ್ಕದ ಮಿಸಿಸಿಪ್ಪಿ ರಾಜ್ಯದ ಕರಾವಳಿಯಲ್ಲಿ ಸಮುದ್ರ ಇಪ್ಪತ್ತೇಳು ಅಡಿಗೂ ಮೇಲೆ ಎದ್ದು, ಮನೆಗಳನ್ನು ಅಡಿಪಾಯ ಬಿಟ್ಟು ಉಳಿದದ್ದೆಲ್ಲ ಕೊಚ್ಚಿಕೊಂಡು ಹೋಯಿತು. ನ್ಯೂ ಆರ್ಲಿಯನ್ಸಿನಲ್ಲಿ ನೀರು ತಡೆಯಲೆಂದು ಕಟ್ಟಿದ ಏರಿಗಳೂ ಕಾಲುವೆ ಗೋಡೆಗಳೂ ಐವತ್ತಕ್ಕೂ ಹೆಚ್ಚು ಕಡೆ ಒಡೆದವು. ನೀರು ಗೋಡೆಯ ಮೇಲಿಂದ ಹರಿಯುವ ಮೊದಲೇ ಕೆಲವು ಗೋಡೆಗಳು ಬುಡ ಜಾರಿ ಬಿದ್ದವು. ವಿನ್ಯಾಸದಲ್ಲಿಯೇ ದೋಷವಿತ್ತೆಂದು ಅವನ್ನು ಕಟ್ಟಿದ ಸೇನಾ ಎಂಜಿನಿಯರುಗಳ ವಿಭಾಗವೇ ಮರುವರ್ಷ ಒಪ್ಪಿಕೊಂಡಿತು. ಊರಿನ ನೂರಕ್ಕೆ ಎಂಬತ್ತು ಭಾಗ ಮುಳುಗಿತು. ಆ ನೀರನ್ನೆಲ್ಲ ಹೊರಹಾಕಲು ಆರು ವಾರ ಹಿಡಿಯಿತು.

ಇನ್ನು ರಕ್ಷಕರ ವಿಷಯ. ಗಾಳಿ ಪೂರ್ತಿ ತಗ್ಗುವ ಮೊದಲೇ, ಅದೇ ಸೋಮವಾರ ಮಧ್ಯಾಹ್ನ, ಅಮೆರಿಕದ ಕರಾವಳಿ ರಕ್ಷಣಾ ಪಡೆಯ ಹೆಲಿಕಾಪ್ಟರುಗಳು ಬಂದವು. ಅವರು ಪಳಗಿದ್ದದ್ದು ಸಮುದ್ರದಲ್ಲಿ ಮುಳುಗುವವರನ್ನು ಎತ್ತುವುದರಲ್ಲಿ. ಇಲ್ಲಿ ಕಂಡದ್ದು ವಿದ್ಯುತ್ ತಂತಿ, ಮರ, ಮನೆಗಳ ಸೂರು. ಹಗ್ಗದ ತುದಿಯಲ್ಲಿ ಇಳಿದ ಈಜುಗಾರ ಸೂರಿನ ಮೇಲೆ ಕಾಲಿಟ್ಟರೆ, ಕೆಳಗಿನಿಂದ ಬಡಿಯುವ ಸದ್ದು ಕೇಳುತ್ತಿತ್ತು. ನೀರು ಏರಿದ ಹಾಗೆ ಜನ ಅಟ್ಟಕ್ಕೆ ಹತ್ತಿದ್ದರು. ಅಟ್ಟದಿಂದ ಮೇಲಕ್ಕೆ ದಾರಿಯಿಲ್ಲ, ಕೆಳಗೆ ನೀರು. ಹೊರಗೆ ಉರಿಬಿಸಿಲು. 1965ರಲ್ಲಿ ಬೆಟ್ಸಿ ಎಂಬ ಹರಿಕೇನ್ ಬಂದಾಗಲೂ ಆ ಊರಲ್ಲಿ ಹೀಗೇ ಆಗಿತ್ತು. ಅದನ್ನು ಕಂಡ ಹಿರಿಯರು ಅಟ್ಟದಲ್ಲಿ ಒಂದು ಕೊಡಲಿ ಇಟ್ಟಿರಬೇಕು ಎನ್ನುತ್ತಿದ್ದರು. ಇಟ್ಟವರು ಕೆಲವರು, ಇಡದವರು ಹಲವರು. ಸಮುದ್ರದಲ್ಲಿ ಈಜುವವರಿಗೆ ಕೊಡಲಿ ಏಕೆ ಬೇಕು? ಅವರ ಬಳಿಯೂ ಇರಲಿಲ್ಲ. ಸಿಕ್ಕಲ್ಲಿಂದ ಕೊಡಲಿ, ಗರಗಸ ತರಿಸಿಕೊಂಡು ಸೂರು ಕಡಿದು ಜನರನ್ನು ಎತ್ತಿದರು. ಆ ಪಡೆಯೊಂದೇ ದೋಣಿ, ಹೆಲಿಕಾಪ್ಟರುಗಳಲ್ಲಿ 33,500ಕ್ಕೂ ಹೆಚ್ಚು ಜನರನ್ನು ಪಾರುಮಾಡಿತು.

ಆದರೆ ನಾನು ಹೆಚ್ಚು ಸಲ ಹೇಳುವುದು ಸಮವಸ್ತ್ರ ಇಲ್ಲದವರ ಕಥೆ. ಪಶ್ಚಿಮಕ್ಕೆ ಲಫಯೆಟ್ ಎಂಬ ಊರಿದೆ. ಸುತ್ತಮುತ್ತ ಜೌಗು ಪ್ರದೇಶ. ಅಲ್ಲಿಯ ಜನ ತಳ ಚಪ್ಪಟೆಯಿರುವ ಸಣ್ಣ ದೋಣಿಗಳಲ್ಲಿ ಮೀನು ಹಿಡಿಯುವವರು, ಬಾತುಕೋಳಿ ಬೇಟೆಯಾಡುವವರು. ಸುದ್ದಿ ಕೇಳಿ ನೂರಾರು ಮಂದಿ ದೋಣಿಗಳನ್ನು ಗಾಡಿಗೆ ಕಟ್ಟಿಕೊಂಡು ಹೊರಟರು. ಆ ಜನರಿಗೆ ಕೇಜನ್ ಎಂದು ಹೆಸರು, ಹಾಗಾಗಿ ಈ ದಂಡಿಗೆ ಕೇಜನ್ ನೌಕಾಪಡೆ ಎಂಬ ಹೆಸರು ಬಿತ್ತು. ಇದು ಸರ್ಕಾರದ ಪಡೆಯಲ್ಲ, ಯಾರಿಗೂ ಸಂಬಳವಿಲ್ಲ. ಬೀದಿಯಲ್ಲಿ ಮುಳುಗಿದ ಕಾರಿನ ಮೇಲೆ, ಬೇಲಿಯ ಮೇಲೆ ದೋಣಿ ನಡೆಸುವುದು ಅವರಿಗೆ ಗೊತ್ತಿತ್ತು, ಏಕೆಂದರೆ ಜೌಗಿನಲ್ಲಿ ಮರದ ಬೊಡ್ಡೆಗಳ ನಡುವೆ ದಿನವೂ ಮಾಡುತ್ತಿದ್ದದ್ದು ಅದನ್ನೇ. 2018ರ ಆಗಸ್ಟಿನಲ್ಲಿ ಕೇರಳದಲ್ಲಿ ಪ್ರವಾಹ ಬಂದಾಗ ಕಡಲ ಮೀನುಗಾರರು ದೋಣಿಗಳನ್ನು ಲಾರಿಗೆ ಹೇರಿಕೊಂಡು ಒಳನಾಡಿಗೆ ಬಂದದ್ದು ನಿಮಗೂ ನೆನಪಿರಬಹುದು. ಎರಡೂ ಒಂದೇ ಗುಣ.

ರಕ್ಷಕರು ಮನೆ ಮನೆ ಹುಡುಕಿದಾಗ ಬಾಗಿಲ ಪಕ್ಕದ ಗೋಡೆಗೆ ಬಣ್ಣದಲ್ಲಿ ದೊಡ್ಡ ಗುಣಾಕಾರದ ಗುರುತು ಹಾಕುತ್ತಿದ್ದರು. ಗುರುತಿನ ನಾಲ್ಕು ಮೂಲೆಗಳಲ್ಲಿ ನಾಲ್ಕು ವಿಷಯ. ಎಡಕ್ಕೆ ಹುಡುಕಿದ ತಂಡದ ಹೆಸರು, ಮೇಲೆ ದಿನಾಂಕ, ಬಲಕ್ಕೆ ಒಳಗಿರುವ ಅಪಾಯ. ಕೆಳಗೆ, ಒಳಗೆ ಎಷ್ಟು ಜನ ಸಿಕ್ಕಿದರು, ಬದುಕಿದ್ದವರೆಷ್ಟು, ಸತ್ತವರೆಷ್ಟು. ಸೊನ್ನೆ ಇದ್ದರೆ ಉಸಿರು ಬಿಡಬಹುದು. ಎಷ್ಟೋ ಗುರುತುಗಳು ವರ್ಷಗಟ್ಟಲೆ ಗೋಡೆಗಳ ಮೇಲೆ ಉಳಿದವು. ಸತ್ತವರು 1,833 ಎಂದು ಬಹಳ ಕಾಲ ಬರೆಯುತ್ತಿದ್ದರು. 2023ರಲ್ಲಿ ಅಲ್ಲಿನ ರಾಷ್ಟ್ರೀಯ ಹರಿಕೇನ್ ಕೇಂದ್ರ ಅದನ್ನು 1,392 ಎಂದು ತಿದ್ದಿತು. ಅಷ್ಟು ದೊಡ್ಡ ದೇಶಕ್ಕೆ, ತನ್ನ ಸತ್ತವರ ಲೆಕ್ಕ ತಿದ್ದಲು ಹದಿನೇಳು ವರ್ಷ ಮೀರಿತು.

ಸತ್ತವರು ಯಾರು? ನನ್ನ ಮಾತಿನ ತಿರುಳು ಇಲ್ಲಿದೆ, ಗಮನವಿಟ್ಟು ಕೇಳಿ. ಲೂಸಿಯಾನದಲ್ಲಿ ಸತ್ತವರಲ್ಲಿ ಸುಮಾರು ಅರ್ಧದಷ್ಟು ಮಂದಿ 75 ವರ್ಷ ತುಂಬಿದ ಮುದುಕರು. ಒಂದೇ ವೃದ್ಧಾಶ್ರಮದಲ್ಲಿ 35 ಮಂದಿ ಸತ್ತರು. ಊರು ಬಿಡಿ ಎಂದು ಹೇಳಿದಾಗ ಕಾರು ಇದ್ದವರು ಹೋದರು. ಕಾರು ಇಲ್ಲದವರು, ತಿಂಗಳ ಕೊನೆಯಾದ್ದರಿಂದ ಕೈಯಲ್ಲಿ ಕಾಸಿಲ್ಲದವರು, ಹಾಸಿಗೆ ಬಿಟ್ಟು ಏಳಲಾಗದವರು, ಸಾಕಿದ ನಾಯಿಯನ್ನು ಬಿಟ್ಟು ಬರಲಾರೆ ಎಂದವರು ಉಳಿದರು. ಆ ದಿನಗಳ ಒಂದು ಫೋಟೋ ಇದೆ: ಸಾಲಾಗಿ ನಿಂತ ನೂರಾರು ಹಳದಿ ಶಾಲಾ ಬಸ್ಸುಗಳು, ಕಿಟಕಿಯವರೆಗೆ ನೀರು. ಊರಲ್ಲಿ ಬಸ್ಸು ಇದ್ದವು, ಬಸ್ಸು ಬೇಕಾದವರೂ ಇದ್ದರು. ಇಬ್ಬರನ್ನೂ ಸೇರಿಸುವ ಕೆಲಸ ಯಾರೂ ಮಾಡಿರಲಿಲ್ಲ. ಈ ಫೋಟೋ ತೋರಿಸಿ ನಾನು ತರಬೇತಿಯ ಹುಡುಗರನ್ನು ಕೇಳುತ್ತಿದ್ದೆ, "ರಕ್ಷಣೆ ಯಾವತ್ತು ಶುರುವಾಗಬೇಕಿತ್ತು?" ಸೋಮವಾರ ಎಂದು ಉತ್ತರಿಸುವವರೇ ಹೆಚ್ಚು. ಭಾನುವಾರ ಎಂದವನಿಗೆ ಭೇಷ್ ಎನ್ನುತ್ತಿದ್ದೆ. ಒಬ್ಬ ಹುಡುಗ ಮಾತ್ರ, "ಸರ್, ಹಿಂದಿನ ವರ್ಷವೇ" ಅಂದ. ಅವನು ಸರಿಯಾಗಿ ಹೇಳಿದ.

ಈ ಅಟ್ಟದ ಮಾತು ಬಂದಾಗಲೆಲ್ಲ ನನಗೆ ಬೇರೊಂದು ಅಟ್ಟ ನೆನಪಾಗುತ್ತದೆ. ಇದುವರೆಗೆ ಸಭೆಯಲ್ಲಿ ಹೇಳಿಲ್ಲ. ನಾನು ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿಯಲ್ಲಿದ್ದೆ. ಒಂದು ಆಷಾಢದ ರಾತ್ರಿ ಹಳ್ಳ ಉಕ್ಕಿ ಕೆಳಗಿನ ಕೇರಿಗೆ ನುಗ್ಗಿತು. ಎಲ್ಲರೂ ದಿಬ್ಬದ ಮೇಲಿನ ಈ ಶಾಲೆಗೆ ಓಡಿ ಬಂದೆವು. ಆಗಿನ ಹೆಡ್‌ಮೇಷ್ಟ್ರು ಬಾಗಿಲು ತೆಗೆಸಿ, ಲಾಟೀನು ಹಚ್ಚಿ, ಒಂದು ಹಾಜರಿ ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಮನೆ ಮನೆಯ ಹೆಸರು ಬರೆಸಿ ಕೂಗತೊಡಗಿದರು. ಹಲವರಿಗೆ ಬೇಸರ. "ಈ ಹೊತ್ತಿನಲ್ಲೂ ಮೇಷ್ಟ್ರಿಗೆ ಹಾಜರಿಯೇ" ಎಂದು ಯಾರೋ ಗೊಣಗಿದರು. ನಮ್ಮ ಪಕ್ಕದ ಮನೆಯ ಅಜ್ಜಿಯ ಹೆಸರು ಬಂತು. ಉತ್ತರವಿಲ್ಲ.

ಆ ಅಜ್ಜಿ ಒಬ್ಬಂಟಿ. ಕಿವಿ ಮಂದ. ಅವರ ಮನೆ ಜಗಲಿಯ ಮುಂದಿನಿಂದಲೇ ನಾನು ಓಡಿ ಬಂದಿದ್ದೆ. ಬಾಗಿಲು ತಟ್ಟಿರಲಿಲ್ಲ. ಬೇರೆ ಯಾರಾದರೂ ಕರೆದಿರುತ್ತಾರೆ ಎಂದುಕೊಂಡಿದ್ದೆ. ಕೇರಿಯ ಎಲ್ಲರೂ ಹಾಗೆಯೇ ಅಂದುಕೊಂಡಿದ್ದರು. ಮೇಷ್ಟ್ರು ನನ್ನ ಮುಖ ನೋಡಿದರು, ಬೈಯಲಿಲ್ಲ. "ಅವರ ಮನೆಯಲ್ಲಿ ಅಟ್ಟ ಇದೆಯೇನೋ?" ಎಂದು ಮಾತ್ರ ಕೇಳಿದರು. ಇದೆ ಸಾರ್, ಏಣಿ ಅಡುಗೆಮನೆಯಲ್ಲಿದೆ ಎಂದೆ. ಬಾವಿಹಗ್ಗ ಸೊಂಟಕ್ಕೆ ಕಟ್ಟಿಕೊಂಡು ಮೂವರು ಗಂಡಸರು ಹೋದರು. ಹೆಂಚು ತೆಗೆದು ಅಜ್ಜಿಯನ್ನು ಇಳಿಸಿ, ಹೆಗಲ ಮೇಲೆ ಕೂರಿಸಿಕೊಂಡು ಬಂದರು. ಅಜ್ಜಿ ನನ್ನನ್ನು ಕಂಡವರೇ, "ನೀನು ಬಂದೆಯಲ್ಲ ಮಗಾ, ನಿನ್ನದೇ ಚಿಂತೆಯಾಗಿತ್ತು" ಅಂದರು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ನಾನು ಈ ನೌಕರಿಗೆ ಏಕೆ ಸೇರಿದೆ ಎಂದು ಕೇಳಿದವರಿಗೆ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ನಿಜವಾದ ಉತ್ತರ ಇದು.

ಈಗ ಮತ್ತೆ ಆ ಊರಿಗೆ ಹೋಗೋಣ. ಅವರು ಕಲಿತರು. ಸಾಕುಪ್ರಾಣಿಗಳನ್ನೂ ರಕ್ಷಣಾ ಯೋಜನೆಯಲ್ಲಿ ಸೇರಿಸಬೇಕೆಂದು 2006ರಲ್ಲಿ ಕಾನೂನು ಬಂತು, ಏಕೆಂದರೆ ನಾಯಿಗಾಗಿ ಉಳಿದವನನ್ನು ಉಳಿಸಬೇಕಾದರೆ ನಾಯಿಯನ್ನೂ ಕರೆದೊಯ್ಯಬೇಕು. 2008ರಲ್ಲಿ ಗುಸ್ತಾವ್ ಹರಿಕೇನ್ ಬಂದಾಗ ವಾಹನವಿಲ್ಲದವರನ್ನು ಬಸ್ಸು, ರೈಲುಗಳಲ್ಲಿ ಮೊದಲೇ ಹೊರಗೆ ಕಳಿಸಿದರು. ನ್ಯೂ ಆರ್ಲಿಯನ್ಸಿನಲ್ಲಿ ಹದಿನೇಳು ಕಡೆ ಜನ ಬಂದು ಸೇರಬೇಕಾದ ಜಾಗಗಳನ್ನು ಗೊತ್ತುಮಾಡಿದರು. ಅವನ್ನು ಗುರುತಿಸಲು, ಒಂದು ಕೈ ಮೇಲೆತ್ತಿ ನಿಂತ ಮನುಷ್ಯನ ಆಕಾರದ ಉಕ್ಕಿನ ಪ್ರತಿಮೆಗಳಿವೆ. ಚಿತ್ರ ನೋಡಿದರೆ ನಿಮಗೆ ತರಗತಿಯಲ್ಲಿ ಹಾಜರಿ ಕೂಗಿದಾಗ ಕೈ ಎತ್ತುವ ಹುಡುಗನ ಹಾಗೆ ಕಾಣಿಸೀತು.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಕತ್ರೀನಾದ ನಂತರ ನೆರವು ಕಳಿಸಿದ ದೇಶಗಳಲ್ಲಿ ನಮ್ಮದೂ ಒಂದು. ಭಾರತೀಯ ವಾಯುಪಡೆಯ ವಿಮಾನ 25 ಟನ್ ಸಾಮಾನು, ಅಂದರೆ ಟಾರ್ಪಾಲು, ಕಂಬಳಿ, ಹಾಸು ಮುಂತಾದವನ್ನು ಹೊತ್ತು ಅಮೆರಿಕಕ್ಕೆ ಹೋಯಿತು. ಸಿರಿವಂತ ದೇಶಕ್ಕೂ ಕಷ್ಟಕಾಲದಲ್ಲಿ ಕಂಬಳಿ ಬೇಕಾಗುತ್ತದೆ. ನೀರು ಯಾರನ್ನೂ ದೊಡ್ಡವರು ಚಿಕ್ಕವರೆಂದು ನೋಡುವುದಿಲ್ಲ. ಹಾಗೆ ನೋಡಿ ಕೆಲವರನ್ನು ಹಿಂದೆ ಬಿಡುವವರು ನಾವು.

ಮಕ್ಕಳೇ, ನಿಮ್ಮಲ್ಲಿ ಎಲ್ಲರೂ ಹೆಲಿಕಾಪ್ಟರಿನಿಂದ ಇಳಿಯಬೇಕಿಲ್ಲ. ಇಳಿಯುವವರು ಬರಲು ಹೊತ್ತು ಹಿಡಿಯುತ್ತದೆ. ನಮ್ಮ ಗಾಡಿಯೂ ತಾಲ್ಲೂಕು ಕೇಂದ್ರದಿಂದ ಇಲ್ಲಿಗೆ ಬರಬೇಕು. ಅಲ್ಲಿಯವರೆಗೆ ಇರುವವರು ಪಕ್ಕದ ಮನೆಯವರು, ಅಂದರೆ ನೀವು. ಆದ್ದರಿಂದ ಸುವರ್ಣ ಮಹೋತ್ಸವದ ನೆನಪಿಗೆ ಒಂದು ಕೆಲಸ ಮಾಡಿ ಎಂದು ನನ್ನ ಕೋರಿಕೆ. ಕೇರಿಗೆ ಇಬ್ಬರಂತೆ ಹೋಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ: ಯಾರ ಮನೆಯಲ್ಲಿ ಒಬ್ಬಂಟಿ ಹಿರಿಯರಿದ್ದಾರೆ, ಯಾರಿಗೆ ನಡೆಯಲಾಗದು, ಯಾರಿಗೆ ಕಿವಿ ಕೇಳದು, ಯಾರ ಮನೆಯಲ್ಲಿ ಬಾಣಂತಿಯಿದ್ದಾರೆ, ಯಾರು ದನ ಬಿಟ್ಟು ಬರಲೊಲ್ಲರು, ಯಾರ ಬಳಿ ಟ್ರ್ಯಾಕ್ಟರ್ ಇದೆ, ಯಾರಿಗೆ ಈಜು ಬರುತ್ತದೆ. ಪ್ರತಿ ವರ್ಷ ಮುಂಗಾರಿಗೆ ಮೊದಲು ಒಂಬತ್ತನೇ ತರಗತಿಯವರು ಅದನ್ನು ತಿದ್ದಲಿ. ಒಂದು ಪ್ರತಿ ಪಂಚಾಯಿತಿಯಲ್ಲಿ, ಒಂದು ಪ್ರತಿ ಈ ಶಾಲೆಯ ಬೀರುವಿನಲ್ಲಿ ಇರಲಿ. ಮೊದಲ ನೋಟ್‌ಬುಕ್ಕು ನಾನು ತಂದಿದ್ದೇನೆ. ಮುಖ್ಯೋಪಾಧ್ಯಾಯರ ಕೈಗೆ ಈಗ ಕೊಡುತ್ತೇನೆ. ಮೊದಲ ಪುಟದಲ್ಲಿ ನಮ್ಮ ಕೇರಿಯ ಮನೆಗಳನ್ನು ನಾನೇ ಬರೆದಿದ್ದೇನೆ. ಈ ಸಲ ಪ್ರತಿ ಮನೆಯ ಬಾಗಿಲು ತಟ್ಟಿ ಬಂದಿದ್ದೇನೆ.

ನನಗೆ ಅಕ್ಷರವನ್ನೂ ಹಾಜರಿ ಕೂಗುವುದನ್ನೂ ಕಲಿಸಿದ ಈ ಶಾಲೆಗೆ ಕೈಮುಗಿದು ನನ್ನ ಮಾತು ಮುಗಿಸುತ್ತೇನೆ.