ಕ್ಯಾರೆಟ್ ತಿಂದವರು, ಮಾತ್ರೆ ನುಂಗಿದವರು

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆ ಇಲ್ಲಿ ಸೇರಿರುವ ಎಲ್ಲರಿಗೂ ಗೊತ್ತು. ಒಮ್ಮೆ ನಡೆದರೆ ಕಾಕತಾಳೀಯವೆಂದು ಬಿಡಬಹುದು. ಆದರೆ ಟೊಂಗೆ ಮುರಿದಾಗಲೆಲ್ಲ ಅಲ್ಲಿ ಕಾಗೆ ಇದ್ದರೆ? ವೈದ್ಯವಿಜ್ಞಾನಕ್ಕೆ ಎದುರಾದದ್ದು ಇಂಥದೇ ಪ್ರಶ್ನೆ.

ಕ್ಯಾರೆಟ್, ಪಪ್ಪಾಯಿ, ಸೊಪ್ಪುಗಳಲ್ಲಿ ಬೀಟಾ ಕ್ಯಾರೋಟಿನ್ ಎಂಬ ವಸ್ತುವಿದೆ. ದೇಹ ಅದನ್ನು ‘ಎ’ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ. ಇಂಥ ಆಹಾರ ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಹಲವು ಅಧ್ಯಯನಗಳು ತೋರಿಸಿದ್ದವು. ಹಾಗಾದರೆ ಕ್ಯಾನ್ಸರ್ ತಡೆಯುವುದು ಬೀಟಾ ಕ್ಯಾರೋಟಿನ್ನೇ? ಪ್ರಯೋಗ ಮಾಡಿಯೇ ತಿಳಿಯಬೇಕೆಂದು 1981ರಲ್ಲಿ ರಿಚರ್ಡ್ ಪೀಟೊ, ರಿಚರ್ಡ್ ಡಾಲ್ ಮತ್ತಿತರರು ಬರೆದರು.

1985ರಲ್ಲಿ ಫಿನ್ಲೆಂಡಿನಲ್ಲಿ ಪ್ರಯೋಗ ಶುರುವಾಯಿತು. ಐವತ್ತರಿಂದ ಅರವತ್ತೊಂಬತ್ತು ವಯಸ್ಸಿನ 29,133 ಗಂಡಸರು. ಎಲ್ಲರೂ ಸಿಗರೇಟು ಸೇದುವವರೇ. ಯಾರಿಗೆ ಬೀಟಾ ಕ್ಯಾರೋಟಿನ್, ಯಾರಿಗೆ ಏನೂ ಇಲ್ಲದ ಹುಸಿ ಮಾತ್ರೆ ಎಂಬುದನ್ನು ಚೀಟಿ ಎತ್ತಿದ ಹಾಗೆ ಗೊತ್ತುಮಾಡಲಾಯಿತು. ಗುಟ್ಟಿರುವುದು ಈ ಚೀಟಿಯಲ್ಲೇ. ತಾನಾಗಿ ತರಕಾರಿ ಆರಿಸಿಕೊಳ್ಳುವವನು ಸಿಗರೇಟನ್ನೂ ಕಡಿಮೆ ಸೇದುವವನಿರಬಹುದು, ಕೈಯಲ್ಲಿ ನಾಲ್ಕು ಕಾಸು ಇರುವವನಿರಬಹುದು. ಚೀಟಿ ಅದ್ಯಾವುದನ್ನೂ ನೋಡದು. ಎಲ್ಲ ಬಗೆಯವರೂ ಎರಡೂ ಗುಂಪಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತಾರೆ.

1994ರಲ್ಲಿ ಫಲಿತಾಂಶ ಹೊರಬಿತ್ತು. ಬೀಟಾ ಕ್ಯಾರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚು! ಅಮೆರಿಕದಲ್ಲಿ 18,314 ಜನರ ಮೇಲೆ, ಇದರ ಜೊತೆ ‘ಎ’ ಜೀವಸತ್ವವನ್ನೂ ಕೊಟ್ಟು ನಡೆಸುತ್ತಿದ್ದ ಇನ್ನೊಂದು ಪ್ರಯೋಗವನ್ನು 1996ರ ಜನವರಿಯಲ್ಲಿ, ಅವಧಿಗೆ 21 ತಿಂಗಳು ಮೊದಲೇ ನಿಲ್ಲಿಸಬೇಕಾಯಿತು. ಅಲ್ಲಿ ಏರಿಕೆ ಶೇ. 28.

ಸ್ವಾರಸ್ಯವೆಂದರೆ, ಫಿನ್ಲೆಂಡಿನಲ್ಲಿ ಹುಸಿ ಮಾತ್ರೆ ಪಡೆದವರ ಪೈಕಿ ಊಟದಲ್ಲಿ ಬೀಟಾ ಕ್ಯಾರೋಟಿನ್ ಹೆಚ್ಚಿದ್ದವರಿಗೆ ಕ್ಯಾನ್ಸರ್ ಕಡಿಮೆಯೇ ಇತ್ತು. ಅಂದರೆ ಹಳೆಯ ಲೆಕ್ಕ ಸುಳ್ಳಾಗಿರಲಿಲ್ಲ. ಅದಕ್ಕೆ ಕಟ್ಟಿದ ಅರ್ಥ ಮಾತ್ರ ಅತಿಯಾಗಿತ್ತು.

ಹಾಗೆಂದು ಕ್ಯಾರೆಟ್ ಪಲ್ಯಕ್ಕೆ ಹೆದರಬೇಕಿಲ್ಲ. ಅಮೆರಿಕದ 22,071 ವೈದ್ಯರ ಮೇಲೆ ನಡೆದ ಸುಮಾರು ಹನ್ನೆರಡು ವರ್ಷಗಳ ಪ್ರಯೋಗದಲ್ಲಿ ಬೀಟಾ ಕ್ಯಾರೋಟಿನ್ನಿಂದ ಲಾಭವೂ ಕಾಣಲಿಲ್ಲ, ಹಾನಿಯೂ ಕಾಣಲಿಲ್ಲ. ಅವರಲ್ಲಿ ಧೂಮಪಾನಿಗಳು ಕಡಿಮೆ. ಸೇದುವವನ ಮಾತ್ರೆಯ ಫಲವನ್ನು ಸೇದದವನ ತಟ್ಟೆಗೆ ಬಡಿಸಲಾಗದು.

ಪ್ರಯೋಗವಿಲ್ಲದೆ ಯಾವುದನ್ನೂ ನಂಬಬಾರದೇ? ಸಂಶೋಧನೆಯಲ್ಲಿ ಚೀಟಿ ಎತ್ತುವ ಕ್ರಮಕ್ಕೆ ತಳಹದಿ ಹಾಕಿದ ರೊನಾಲ್ಡ್ ಫಿಷರ್ ಅವರೇ 1950ರ ದಶಕದ ಕೊನೆಯಲ್ಲಿ, ಸಿಗರೇಟಿನ ಚಟಕ್ಕೂ ಕ್ಯಾನ್ಸರಿಗೂ ಅನುವಂಶೀಯ ಗುಣವೊಂದು ಕಾರಣವಿರಬಹುದಲ್ಲ ಎಂದು ವಾದಿಸಿದ್ದರು. ತರ್ಕ ಚೊಕ್ಕ, ತೀರ್ಮಾನ ತಪ್ಪು. ಚೀಟಿ ಎತ್ತಿ ಯಾರಿಗೂ ಸಿಗರೇಟು ಹಿಡಿಸಲಾಗದು. ಆದ್ದರಿಂದ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1951ರಿಂದ ಬ್ರಿಟನ್ನಿನ ವೈದ್ಯರ ಬೆನ್ನುಹತ್ತಿದರು. ಹೆಚ್ಚು ಸೇದಿದವರಿಗೆ ಅಪಾಯ ಹೆಚ್ಚು, ಬಿಟ್ಟವರಿಗೆ ಕಡಿಮೆ. ಬೇರೆ ದೇಶಗಳಲ್ಲೂ ಅದೇ ಕಂಡಿತು. ಚಟ ಬಿಟ್ಟ ಮಾತ್ರಕ್ಕೆ ಅನುವಂಶೀಯತೆ ಬದಲಾಗುವುದಿಲ್ಲವಲ್ಲ! ಐವತ್ತು ವರ್ಷಗಳ ಲೆಕ್ಕ 2004ರಲ್ಲಿ ಪ್ರಕಟವಾದಾಗ, ಸೇದುತ್ತಲೇ ಇದ್ದವರು ಸರಾಸರಿ ಹತ್ತು ವರ್ಷ ಆಯುಷ್ಯ ಕಳೆದುಕೊಂಡಿದ್ದರು. ಮೂವತ್ತರ ಹೊತ್ತಿಗೆ ಬಿಟ್ಟವರಿಗೆ ಆ ಹತ್ತೂ ವರ್ಷ ಬಹುತೇಕ ಉಳಿದಿದ್ದವು.