ದಂಡ ಮತ್ತು ದಂಡಧಾರಿ



ಕಳೆದ ಅಮಾವಾಸ್ಯೆಯ ದಿನ ಮಠಕ್ಕೆ ಒಬ್ಬ ವೃದ್ಧ ರೈತ ಬಂದಿದ್ದ. ಅವನ ಜೋಡೆತ್ತಿನಲ್ಲಿ ಒಂದು ಕಳವಾಗಿ ಎಂಟು ದಿನವಾಗಿತ್ತು. “ಠಾಣೆಗೆ ಹೋದೆಯೇನಪ್ಪ?” ಎಂದು ಕೇಳಿದೆವು. “ಎರಡು ಸಲ ಹೋದೆ ಬುದ್ಧಿ, ಬರೆದುಕೊಳ್ಳಲಿಲ್ಲ. ಎತ್ತು ಹೋದ ದುಃಖಕ್ಕಿಂತ ಆ ಬಾಗಿಲಲ್ಲಿ ನಿಂತ ಭಯವೇ ಹೆಚ್ಚಾಯಿತು” ಎಂದ. ಜೊತೆಗಿದ್ದ ಮೊಮ್ಮಗ, ಕಾಲೇಜಿನ ಹುಡುಗ, “ಈ ಪೊಲೀಸರನ್ನೇ ತೆಗೆದುಹಾಕಬೇಕು” ಎಂದುಬಿಟ್ಟ.

ನಾವು ಅವನನ್ನು ಗದರಿಸಲಿಲ್ಲ. ಆ ಆಸೆ ಬಹು ಹಳೆಯದು. ಆದಿಯಲ್ಲಿ ರಾಜನಾಗಲಿ ದಂಡವಾಗಲಿ ಇಲ್ಲದ ಕಾಲವೊಂದಿತ್ತೆಂಬ ವೃತ್ತಾಂತ ಮಹಾಭಾರತದ ಶಾಂತಿಪರ್ವದಲ್ಲಿದೆ. ಮೋಹ ಬಂತು, ಲೋಭ ಬಂತು, ಆ ಕಾಲ ಹೋಯಿತು. ದಂಡವಿಲ್ಲದ ಕಡೆ ಮತ್ಸ್ಯನ್ಯಾಯ. ಪೊಲೀಸರು ಹೋದರೆ ಉಳ್ಳವನು ಸಂಬಳ ಕೊಟ್ಟು ಕಾವಲಿಡುತ್ತಾನೆ. ಒಂಟಿ ಎತ್ತಿನ ಈ ಮುದುಕನಿಗೆ ಯಾರು? ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ 2020ರಲ್ಲಿ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್ ಎಂಬಾತನ ಕುತ್ತಿಗೆಯ ಮೇಲೆ ಮೊಣಕಾಲೂರಿ ಕೊಂದಾಗ ಇದೇ ಕೂಗು ಎದ್ದಿತು. ಮರುವರ್ಷ ಆ ಇಲಾಖೆಯ ಬದಲು ಬೇರೊಂದನ್ನು ತರುವ ಪ್ರಶ್ನೆ ಮತಕ್ಕೆ ಬಂದಾಗ ಆ ಊರಿನವರೇ ಬೇಡವೆಂದರು.

ಹಾಗೆಂದು ಇದ್ದದ್ದು ಇದ್ದಂತೆಯೇ ಇರಲಿ ಎನ್ನಲಾದೀತೇ? ದೇಶದ ಪೊಲೀಸ್ ವ್ಯವಸ್ಥೆಯ ಬುಡ 1861ರ ಕಾಯಿದೆ. 1857ರಲ್ಲಿ ಬೆಚ್ಚಿಬಿದ್ದ ಆಂಗ್ಲರು ಪ್ರಜೆಯನ್ನು ಅಡಗಿಸಿಡಲು ಮಾಡಿಕೊಂಡದ್ದು. ನಮ್ಮ ರಾಜ್ಯಕ್ಕೆ 1963ರಲ್ಲಿ ಬೇರೆ ಕಾಯಿದೆ ಬಂತು. ಪಾತ್ರೆ ಬದಲಾಯಿತು, ವಾಸನೆ ಹೋಗಲಿಲ್ಲ. ಪ್ರಕಾಶ್ ಸಿಂಗ್ ಎಂಬ ನಿವೃತ್ತ ಪೊಲೀಸ್ ಅಧಿಕಾರಿಯೇ 1996ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 2006ರಲ್ಲಿ ಏಳು ನಿರ್ದೇಶನಗಳು ಹೊರಟವು. ಮುಖ್ಯ ಹುದ್ದೆಗಳಲ್ಲಿರುವವರಿಗೆ ಕನಿಷ್ಠ ಎರಡು ವರ್ಷದ ಅವಧಿ ಇರಬೇಕು, ಪೊಲೀಸರ ಮೇಲಿನ ದೂರು ಕೇಳಲು ಬೇರೆ ಪ್ರಾಧಿಕಾರ ಬೇಕು, ಇತ್ಯಾದಿ. ಮಂತ್ರಿಯ ಮುಖ ನೋಡಿ ವರ್ಗವಾಗುವವನು ನ್ಯಾಯದ ಮುಖವನ್ನು ಎಂದು ನೋಡಿಯಾನು! ಕಾಗದದ ಮೇಲೆ ಒಪ್ಪಿದ ರಾಜ್ಯಗಳು ಹಲವು, ಮನಸಾರೆ ನಡೆಸಿದವು ವಿರಳ. ಸಂಜ್ಞೇಯ ಅಪರಾಧದ ದೂರನ್ನು ದಾಖಲಿಸಲೇಬೇಕೆಂದು ಅದೇ ನ್ಯಾಯಾಲಯ 2013ರಲ್ಲಿ ವಿಧಿಸಿತು. ಎತ್ತಿನ ಕಳವು ಅಂಥ ಅಪರಾಧವೇ.

ಆ ದಿನ ನಾವೇನು ಮಾಡಿದೆವು? ಹೇಳಲು ಸಂಕೋಚವಾಗುತ್ತದೆ. ಅಧಿಕಾರಿಗೆ ಫೋನ್ ಮಾಡಿಸಿದೆವು. ಸಂಜೆಯೊಳಗೆ ದೂರು ದಾಖಲಾಯಿತು, ಕುರ್ಚಿ ಹಾಕಿ ಚಹಾ ಕೂಡ ಕೊಟ್ಟರಂತೆ. ಮುದುಕ ಬಂದು ಪಾದ ಹಿಡಿದ. ಕಾಯಿದೆಯಿಂದ ಬರಬೇಕಾದದ್ದು ಕಾವಿಯಿಂದ ಬಂತಲ್ಲ ಎಂದು ನಮಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಮೊಮ್ಮಗ ದೂರ ನಿಂತೇ ಕೇಳಿದ್ದ: “ಮಠ ಗೊತ್ತಿಲ್ಲದವರು ಏನು ಮಾಡಬೇಕು ಬುದ್ಧಿ?”

ಇನ್ನು ಮೇಲೆ ನಾವು ಫೋನ್ ಮಾಡಿಸುವುದಿಲ್ಲ. ಪ್ರತಿ ಸೋಮವಾರ ದಾಸೋಹದ ಮನೆಯ ಪಕ್ಕದ ಕೋಣೆಯಲ್ಲಿ ಒಬ್ಬ ವಕೀಲರು ಕುಳಿತಿರುತ್ತಾರೆ. ಠಾಣೆಯಲ್ಲಿ ಬರೆದುಕೊಳ್ಳದಿದ್ದರೆ ದೂರನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಲು ಕಾನೂನಿನಲ್ಲಿ ದಾರಿ ಇದೆ, ಅದನ್ನು ಬರೆದುಕೊಡುತ್ತಾರೆ. ಯಾವ ಜಾತಿ, ಯಾವ ಮಠದವರೆಂದು ಅಲ್ಲಿ ಯಾರೂ ಕೇಳುವುದಿಲ್ಲ.